ದಿಂಬಕ್ಕ ಕಟ್ಟಿದ ಹಾರುವ ಕೋಣೆ

ದಿಂಬಕ್ಕನಿಗೆ ಎತ್ತರವೆಂದರೆ ಎಷ್ಟು ಭಯವಿತ್ತೆಂದರೆ, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡವರ ಜೊತೆ ಮಾತಾಡುವಾಗಲೂ ಅವಳು ಗೋಡೆ ಹಿಡಿದುಕೊಳ್ಳುತ್ತಿದ್ದಳು. ತೊಟ್ಟಿಲಲ್ಲಿದ್ದಾಗ ಅಂಚಿನಿಂದ ಒಮ್ಮೆ ಕೆಳಗಿಣುಕಿದವಳು ನೆಲದ ಮೇಲೆ ಮಲಗಿಸುವ ತನಕ ಮೂರು ಬೀದಿಗೆ ಕೇಳುವಂತೆ ಅತ್ತಳಂತೆ. ಇದು ಅವಳ ತಾಯಿ ಹೇಳಿದ ಮಾತು. ತಾಯಂದಿರ ಮಾತಿನಲ್ಲಿ ಅರ್ಧ ಕಳೆದರೂ ಒಂದೂವರೆ ಬೀದಿ ಉಳಿಯುತ್ತದೆ. ಮದುವೆಯಾದ ಮೇಲೆ ಬಾಡಿಗೆ ಮನೆ ಹುಡುಕುವಾಗ, ಗಾಳಿ ಬೆಳಕು ಧಾರಾಳವಾಗಿದ್ದ ಮಹಡಿ ಮನೆಯನ್ನು ಬಿಟ್ಟು, ನಡು ಮಧ್ಯಾಹ್ನವೂ ದೀಪ ಹಾಕಬೇಕಾದ ನೆಲಮಟ್ಟದ ಮನೆಯನ್ನೇ ಹಿಡಿದಳು. ಅಟ್ಟದ ಮೇಲಿನ ಡಬ್ಬ ಇಳಿಸಲು ಗಂಡನೇ ಬರಬೇಕು. ಅವನು ಪರವೂರಿಗೆ ಹೋದನೆಂದರೆ ಆ ಡಬ್ಬದಲ್ಲಿ ಏನಿತ್ತೋ ಅದು ಆ ಮನೆಯವರ ಪಾಲಿಗೆ ಇರಲಿಲ್ಲ.

ಇಂಥವಳು ಹೊಟ್ಟೆಪಾಡಿಗೆ ಮಾಡುತ್ತಿದ್ದುದು ವಿಮಾನದ ಕೆಲಸ.

ಬೇಕೆಂದೇ ಹುಡುಕಿಕೊಂಡು ಹೋದದ್ದಲ್ಲ. ಅಪ್ಪ ಲಾರಿ ಸೀಟು ಹೊಲಿಯುವವನು. ಅವನ ಮೆಷಿನ್ನಿನ ಕೆಳಗೆ ಬಿದ್ದ ಸ್ಪಂಜಿನ ಚೂರುಗಳನ್ನು ಆರಿಸಿ ದಿಂಬು ತುಂಬುತ್ತ ಬೆಳೆದಳು. ಹೆಸರು ಅಲ್ಲಿಂದಲೇ ಅಂಟಿಕೊಂಡಿತು. ಲಾರಿಯಿಂದ ಬಸ್ಸಿಗೆ, ಬಸ್ಸಿನಿಂದ ದೋಣಿಗೆ, ದೋಣಿಯಿಂದ ಊರಾಚೆಯ ದೊಡ್ಡ ಶೆಡ್ಡಿಗೆ ಕೆಲಸ ಅವಳನ್ನು ಎಳೆದುಕೊಂಡು ಹೋಯಿತು. ಸಾಹುಕಾರರು ತಮ್ಮ ಸ್ವಂತ ವಿಮಾನಗಳನ್ನು ಅಲ್ಲಿಗೆ ತರುತ್ತಿದ್ದರು; ಒಳಗಿನದನ್ನೆಲ್ಲ ಕಿತ್ತು, ಹೊಸದಾಗಿ ಕಟ್ಟಿಕೊಡುವುದು ಆ ಶೆಡ್ಡಿನ ಕಸುಬು. ಮೊದಮೊದಲು ಹೊಲಿಗೆಯಷ್ಟೇ ಅವಳದಾಗಿತ್ತು. ಆಮೇಲೆ ಬಟ್ಟೆಯ ಆಯ್ಕೆ, ಆಮೇಲೆ ಕುರ್ಚಿ ಎಲ್ಲಿರಬೇಕು, ದೀಪ ಎಷ್ಟು ಮಂಕಾಗಿರಬೇಕು ಎಂಬುದು, ಕೊನೆಗೆ ಇಡೀ ಒಳಾಂಗಣದ ವಿನ್ಯಾಸವೇ ಅವಳ ಕೈಗೆ ಬಂತು. ವಿಮಾನದ ಚಕ್ರ ನೆಲ ಮುಟ್ಟಿಕೊಂಡಿರುವ ತನಕ ಅವಳಷ್ಟು ಧೈರ್ಯವಂತೆ ಇನ್ನೊಬ್ಬಳಿರಲಿಲ್ಲ.

ಆದರೆ ಆ ಶೆಡ್ಡಿಗೊಂದು ಪದ್ಧತಿ ಇತ್ತು. ಹೊಸದಾಗಿ ಒಳಾಂಗಣ ಕಟ್ಟಿದ ವಿಮಾನ ಮೊದಲ ಸಲ ಮೇಲೇರುವಾಗ ಕಟ್ಟಿದವರೇ ಒಳಗೆ ಕೂರಬೇಕು. ಇದನ್ನು ತಂದವನು ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಸ್ಪ್ಯಾನರ್ ಮಾವ. ತನ್ನ ಜೀವವೂ ಜೊತೆಗೆ ಮೇಲೆ ಹೋಗುತ್ತದೆಂದು ಗೊತ್ತಿದ್ದರೆ ಯಾರೂ ಒಂದು ಸ್ಕ್ರೂವನ್ನೂ ಸಡಿಲ ಬಿಡುವುದಿಲ್ಲ ಎಂಬುದು ಅವನ ವಾದ. ಪ್ರತಿ ಸಲವೂ ದಿಂಬಕ್ಕ ಆಗಲಿ ಎಂದು ತಲೆದೂಗುತ್ತಿದ್ದಳು. ಪ್ರತಿ ಸಲವೂ ಅವತ್ತೇ ಬೆಳಿಗ್ಗೆ ಅವಳ ಅತ್ತೆಗೆ ಜ್ವರ ಬರುತ್ತಿತ್ತು. ಅವಳ ಬದಲಿಗೆ ಬಡಗಿಯೋ ಬಣ್ಣದವನೋ ಹತ್ತಿ ಕೂರುತ್ತಿದ್ದರು. ಆ ಅತ್ತೆಗೆ ಎಷ್ಟು ಸಲ ಜ್ವರ ಬಂತೆಂದರೆ, ತೀರಿಕೊಂಡ ಮೇಲೂ ಎರಡು ಸಲ ಬಂತು. ದಿಂಬಕ್ಕನ ಹೊಲಿಗೆಯನ್ನು ಯಾರೂ ಅನುಮಾನಿಸುತ್ತಿರಲಿಲ್ಲವಾದ್ದರಿಂದ ಜ್ವರವನ್ನೂ ಅನುಮಾನಿಸಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು, ಮೇಲೆ ಹೋದಾಗ ಹೇಗಿರುತ್ತದೆ ಅಕ್ಕ ಎಂದು ಕೇಳಿದಾಗ, ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹಾರಿದ್ದೆ ಎಂದು ಒಮ್ಮೆ ಬಾಯಿ ಜಾರಿಬಿಟ್ಟಳು. ಗಂಡ ಶಾಲಾ ವ್ಯಾನ್ ಓಡಿಸುವವನು. ಊಟದ ಡಬ್ಬ ಕೊಡಲು ಬಂದಿದ್ದಾಗ ಸ್ಪ್ಯಾನರ್ ಮಾವ ಆ ಪ್ರಯಾಣದ ವಿಚಾರ ಎತ್ತಿದ. ಹೆಂಡತಿಯ ಹುಳ್ಳಗಾದ ಮುಖ ನೋಡಿ ಗಂಡನಿಗೆ ಎಲ್ಲ ಅರ್ಥವಾಯಿತು. ಕೂಡಲೇ ಕೈ ಹಿಡಿದವಳ ಮಾನ ಉಳಿಸಲು ಹೊರಟ. ವಿಮಾನ ಒಂದೇ ಏಟಿಗೆ ಹೇಗೆ ಕುಸಿಯಿತೆಂದರೆ, ತನ್ನ ಲೋಟದಲ್ಲಿದ್ದ ಚಹಾ ಎದ್ದು, ತಲೆಯ ಮೇಲೆ ಒಂದು ಸುತ್ತು ಹಾಕಿ, ಪಕ್ಕದವನ ಲೋಟಕ್ಕೆ ಬಿತ್ತು. ಆತ ಅದನ್ನು ಕುಡಿದು ಸಕ್ಕರೆ ಜಾಸ್ತಿಯಾಯಿತೆಂದು ದೂರಿದ ಎಂದುಬಿಟ್ಟ. ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ದಿಂಬಕ್ಕ ಆಕಾಶ ಕಂಡು ಬಂದವಳಾದಳು. ಕಂಡು ಬಂದವಳಿಗೆ ಆಕಾಶದ ರೀತಿನೀತಿಯನ್ನು ಯಾರು ತಾನೇ ಹೇಳಿಕೊಡಲು ಹೋಗುತ್ತಾರೆ? ಯಾರೂ ಹೋಗಲಿಲ್ಲ. ಕೇಡಿನ ಬೇರು ಇಲ್ಲಿತ್ತು.

ಹೀಗಿರುವಾಗ ಸಿಮೆಂಟ್ ಸಾಹುಕಾರನ ವಿಮಾನ ಬಂತು. ಸಿಮೆಂಟ್ ಮಾರಿ ಮಾರಿ ಅವನ ಮುಖವೂ ಗಟ್ಟಿಯಾಗಿಹೋಗಿತ್ತು. ಒಮ್ಮೆ ನಗಬೇಕಾದರೆ ಬಿರುಕು ಬಿಡುವುದೆಂದು ಹೆದರುವವನಂತೆ ನಗುತ್ತಿದ್ದ. ಆದರೆ ತಾಯಿಯ ಮಾತು ಬಂದರೆ ಮೆತ್ತಗಾಗುತ್ತಿದ್ದ. ಆ ಹಿರಿಯಮ್ಮನ ಒಬ್ಬಳೇ ತಂಗಿ ಸಮುದ್ರದಾಚೆಯ ಊರಿನಲ್ಲಿ ಕಾಲು ಸೋತು ಗಾಲಿ ಕುರ್ಚಿ ಹಿಡಿದಿದ್ದಳು. ಪ್ರಯಾಣ ಮಾಡಲೇಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಫೋನಿನಲ್ಲಿ ಪ್ರತಿ ಸಲವೂ ಒಂದೇ ಮಾತು, ಅಕ್ಕಾ ಒಂದ್ಸಲ ಬಂದು ಹೋಗೆ. ಅಕ್ಕನಿಗೋ ವಿಮಾನದ ಸದ್ದು ಕೇಳಿದರೆ ಹಾಸಿಗೆ ಸೇರುವ ಕಾಯಿಲೆ. ಆದ್ದರಿಂದ ಸಾಹುಕಾರ ಕೇಳಿದ್ದು ಇಷ್ಟು: ಒಳಗೆ ಕೂತವರಿಗೆ ಅದು ವಿಮಾನವೆಂದೇ ಅನ್ನಿಸಬಾರದು. ಕೋಣೆಯಂತಿರಬೇಕು, ಅವನಮ್ಮ ದಿನಾ ಕೂರುವ ಕೋಣೆಯಂತೆ. ಇಂಥ ಪ್ರಯೋಗವನ್ನು ಆ ಶೆಡ್ಡು ಕಂಡಿರಲಿಲ್ಲ.

ಎಲ್ಲರೂ ತಲೆ ಕೆರೆದುಕೊಂಡರು. ದಿಂಬಕ್ಕ ಮಾತ್ರ ಪೆನ್ಸಿಲ್ ಹಿಡಿದು ಕೂತವಳು ಮೇಲೇಳಲಿಲ್ಲ. ವಿಮಾನವಲ್ಲದ ವಿಮಾನವನ್ನು ಅವಳು ವರ್ಷಗಟ್ಟಲೆ ಮನಸ್ಸಿನಲ್ಲೇ ಕಟ್ಟುತ್ತ ಬಂದಿದ್ದಳು.

ಮೊದಲು ರಟ್ಟು ಮತ್ತು ಪ್ಲೈವುಡ್ಡಿನಲ್ಲಿ ಅದೇ ಅಳತೆಯ ಮಾದರಿಯೊಂದನ್ನು ಶೆಡ್ಡಿನ ನೆಲದ ಮೇಲೆ ನಿಲ್ಲಿಸಿದರು. ಗೋಡೆಯೊಳಗೆ ಉಣ್ಣೆಯ ಪದರದ ಮೇಲೆ ಪದರ. ಪೈಲಟ್ ಕೂರುವ ಕಡೆಯ ಬಾಗಿಲಿಗಂತೂ ಎಷ್ಟು ಉಣ್ಣೆ ತುಂಬಿದಳೆಂದರೆ, ಆಚೆ ಬೆಟ್ಟ ಉರುಳಿದರೂ ಈಚೆ ಯಾರೋ ಮಗ್ಗುಲಾದರೆಂದು ತೋರಬೇಕು. ಕಿಟಕಿಗಳನ್ನೆಲ್ಲ ಮೆತ್ತೆಯ ಹಲಗೆಗಳಿಂದ ಮುಚ್ಚಿ, ಬಟ್ಟೆಯ ಹಿಂದೆ ಬೆಳಗಿನ ಬಿಸಿಲಿನಂಥ ದೀಪ ಇಟ್ಟಳು. ಹಲಗೆಗಳಿಗೆ ಗುಂಡಿ ಹಾಕಿದರೆ ಯಾರಾದರೂ ಬಿಚ್ಚಿಯಾರೆಂದು ಲಾರಿ ಸೀಟಿನ ದಪ್ಪ ದಾರದಲ್ಲಿ ಹೊಲಿದೇಬಿಟ್ಟಳು. ತುರ್ತು ಬಾಗಿಲನ್ನು ಮುಚ್ಚಲು ಮಾತ್ರ ತಪಾಸಣೆಯವರು ಒಪ್ಪಲಿಲ್ಲ. ಅದು ಹಿಂದೆ, ಅಡುಗೆ ಮೂಲೆಯ ಆಚೆ ಉಳಿಯಿತು. ಹಿರಿಯಮ್ಮನ ಮನೆಯ ಮರದ ಕುರ್ಚಿಯನ್ನೇ ತರಿಸಿ, ಕಾಲುಗಳೊಳಗೆ ಉಕ್ಕು ಸೇರಿಸಿ, ಪಕ್ಕದಲ್ಲಿ ಅಂಥದೇ ಹೊಸದೊಂದರ ಜೊತೆ ನೆಲಕ್ಕೆ ಬಿಗಿದರು. ಬೆಲ್ಟನ್ನು ಹಳೆಯ ಶಾಲಿನೊಳಗೆ ಅಡಗಿಸಿದರು.

ಅವಳಿಗೆ ಎಲ್ಲಕ್ಕಿಂತ ಹೆಮ್ಮೆಯೆನಿಸಿದ್ದು ಪಕ್ಕದ ಗೋಡೆ. ಹಿರಿಯಮ್ಮನ ಕೋಣೆಯಲ್ಲಿದ್ದಂತೆ ಅದಕ್ಕೆ ಮೇಲಿಂದ ಕೆಳಗೆ ತೆಳುವಾದ ಉದ್ದುದ್ದ ಪಟ್ಟೆಗಳ ಬಟ್ಟೆ. ಅದರ ಮುಂದೆ ಒಂದು ಪರದೆ, ಬರೀ ನೂಲಿನ ಎಳೆಗಳದು. ಪ್ರತಿ ಎಳೆಯ ತುದಿಗೂ ಒಂದು ಹಿತ್ತಾಳೆಯ ಮಣಿ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದವರು ಬಳಸುವ ತೂಕದ ಗುಂಡು ತಂದು, ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಪಟ್ಟೆಗಳನ್ನು ಜೋಡಿಸಿದಳು. ಪಟ್ಟೆಗೂ ಎಳೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ವಾಲಿದ್ದನ್ನು ಕಂಡರೆ ಮನುಷ್ಯನಿಗೆ ಭಯ, ನೆಟ್ಟಗಿದ್ದನ್ನು ಕಂಡರೆ ಧೈರ್ಯ ಎಂದು ಅವಳು ಎಲ್ಲರಿಗೂ ಹೇಳಿದಳು. ಸ್ಪ್ಯಾನರ್ ಮಾವ ಅದನ್ನು ನೋಡಿ ಒಂದು ಕ್ಷಣ ಹುಬ್ಬು ಗಂಟಿಕ್ಕಿದ. ಆಕಾಶ ಕಂಡವಳಿಗೆ ತಾನೇನು ಹೇಳುವುದೆಂದು ಹೊರಟುಹೋದ.

ಹಿರಿಯಮ್ಮ ದಿನಾ ಬಂದು ರಟ್ಟಿನ ವಿಮಾನದಲ್ಲಿ ಕೂರತೊಡಗಿದಳು. ಕುಳ್ಳಗೆ, ಬಾಗಿ, ಊರುಗೋಲಿನ ಜೊತೆ ಜಗಳವಾಡುತ್ತ ನಡೆಯುವ ಮುದುಕಿ. ಬಂದಷ್ಟು ದಿನವೂ ಒಂದೊಂದು ತಪ್ಪು ಹುಡುಕಿದಳು. ದೀಪ ಕಣ್ಣಿಗೆ ಚುಚ್ಚುತ್ತದೆ, ಕಾಲೊರಸು ಪಾದಕ್ಕೆ ಚುಚ್ಚುತ್ತದೆ, ಮಗ ಎಲ್ಲದಕ್ಕೂ ಚುಚ್ಚುತ್ತಾನೆ. ದಿಂಬಕ್ಕ ಎಲ್ಲವನ್ನೂ ತಿದ್ದಿದಳು, ಮಗನೊಬ್ಬನನ್ನು ಬಿಟ್ಟು.

ಒಂದು ದಿನ ಮುದುಕಿ ಕುರ್ಚಿಯಲ್ಲಿ ಕೂತು, ಮೇಲೇರುವಾಗ ಹೊಟ್ಟೆಯೊಳಗೆ ಮೊದಲು ಏನಾಗುತ್ತದೆ ಎಂದು ಕೇಳಿದಳು. ದಿಂಬಕ್ಕ ತಡವರಿಸಿ ಚಹಾದ ಕಥೆ ಶುರು ಮಾಡಿದಳು. ಚಹಾ ಇನ್ನೂ ಲೋಟ ಬಿಟ್ಟು ಎದ್ದಿರಲಿಲ್ಲ, ಮುದುಕಿ ಕೈ ಎತ್ತಿದಳು.

"ಸಾಕು ಬಿಡು ಮಗಳೇ. ನನಗೂ ಒಬ್ಬ ಗಂಡ ಇದ್ದ, ಗಂಡಸರು ಕಟ್ಟೋ ಕಥೆ ನನಗೆ ಗೊತ್ತು. ನೀನು ಒಂದ್ಸಲಾನೂ ಹಾರಿಲ್ಲ, ಅಲ್ವಾ?"

ದಿಂಬಕ್ಕ ಯಾರಾದರೂ ಕೇಳಿಸಿಕೊಂಡರೇ ಎಂದು ಬಾಗಿಲ ಕಡೆ ನೋಡಿದಳು. ಯಾರು ಹೇಳಿದರು ಎಂದಷ್ಟೇ ಕೇಳಲು ಸಾಧ್ಯವಾಯಿತು.

"ಯಾರು ಹೇಳಬೇಕು? ಇಷ್ಟು ಉಣ್ಣೆ, ಇಷ್ಟು ದಾರ, ಒಂದು ಸಂದೂ ಬಿಟ್ಟಿಲ್ಲ. ಇದನ್ನ ಕಟ್ಟಿರೋಳು ನನಗಿಂತ ಹೆದರಿರೋಳು. ಧೈರ್ಯ ಇರೋರಿಗೆ ಇಷ್ಟೆಲ್ಲ ಎಲ್ಲಿ ತೋಚುತ್ತೆ?"

ಯಾರಿಗೂ ಹೇಳಬೇಡಿ ಎಂದು ದಿಂಬಕ್ಕ ಕಾಲು ಹಿಡಿಯುವುದೊಂದು ಬಾಕಿ. ಮುದುಕಿ ಹೇಳುವುದಿಲ್ಲವೆಂದು ಮಾತು ಕೊಟ್ಟಳು, ಆದರೆ ಬಿಟ್ಟಿಯಾಗಿ ಅಲ್ಲ.

"ಮೊದಲನೇ ಸಲ ಮೇಲೆ ಹೋಗುವಾಗ ನಾನೂ ಕೂತು ನೋಡ್ತೀನಿ, ಪಕ್ಕದಲ್ಲಿ ನೀನಿರಬೇಕು. ನೀನು ಕೂತ್ರೆ ನಾನು ಕೂತೆ. ನೀನು ಕೂರ್ಲಿಲ್ಲ ಅಂದ್ರೆ ನನ್ನ ತಂಗಿ ಅಲ್ಲೇ, ನಾನು ಇಲ್ಲೇ. ಇಬ್ಬರಿಗೂ ಇನ್ನೆಷ್ಟು ದಿನ ಇದೆಯೋ."

ಅಂದು ಮನೆಗೆ ಬಂದ ದಿಂಬಕ್ಕ ತಟ್ಟೆಯ ಮುಂದೆ ಕೂತು ಅನ್ನವನ್ನು ಕಲಸಿದಳೇ ಹೊರತು ತುತ್ತು ಎತ್ತಲಿಲ್ಲ. ಗಂಡ ಸಂಗತಿ ಕೇಳಿದ. ಚಹಾ ಹಾರಿಸಿದ್ದು ತಾನೇ ಎಂಬುದು ನೆನಪಾಗಿ ತಲೆ ತಗ್ಗಿಸಿದ.

"ಅಮ್ಮಂಗೆ ಜ್ವರ ಅನ್ನು."

"ರೀ, ಅತ್ತೆ ಹೋಗಿ ಎಷ್ಟು ವರ್ಷ ಆಯ್ತು."

"ಹಾಗಿದ್ರೆ ನನಗೆ ಬರಿಸ್ಕೋತೀನಿ. ನಾಳೆಯಿಂದಲೇ ತಣ್ಣೀರು ಸ್ನಾನ ಶುರು ಮಾಡ್ತೀನಿ."

ಅವಳು ನಗಲಿಲ್ಲ. ಕಾಣದ ಊರಿನ ಕಾಣದ ತಂಗಿಯೊಬ್ಬಳು ಗಾಲಿ ಕುರ್ಚಿಯಲ್ಲಿ ಕೂತು ತನ್ನ ದಾರಿಯನ್ನೇ ಕಾಯುತ್ತಿದ್ದಾಳೆಂದು ಅವಳಿಗೆ ತೋರುತ್ತಿತ್ತು. ಆ ಮುಖ ಕಣ್ಣಿಗೆ ಕಟ್ಟಿದಾಗ ಹೋಗುತ್ತೇನೆ ಎನ್ನಿಸುತ್ತಿತ್ತು. ಮರುಗಳಿಗೆಯೇ ಕಾಲ ಕೆಳಗಿನ ನೆಲ ಜಾರಿದಂತಾಗಿ ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಹಾರುವ ದಿನ ಬಂತು. ಮಾದರಿಯಲ್ಲಿದ್ದುದೆಲ್ಲ ಈಗ ನಿಜವಾದ ವಿಮಾನದೊಳಗೆ ಇತ್ತು. ದಿಂಬಕ್ಕ ಮೆಟ್ಟಿಲ ಬಳಿ ಬಂದು ನಿಂತದ್ದನ್ನು ಕಂಡು ಸ್ಪ್ಯಾನರ್ ಮಾವನ ಕೈಯಿಂದ ನಿಜವಾಗಿಯೂ ಸ್ಪ್ಯಾನರ್ ಬಿತ್ತು.

"ಏನು ದಿಂಬಕ್ಕ, ಅತ್ತೆ ಹುಷಾರಾಗಿದಾರಾ?"

ಹುಷಾರು ಎಂದಳು. ಹಲ್ಲು ಕಟಕಟಿಸುತ್ತಿದ್ದುದರಿಂದ ಆ ಮಾತು ನಾಲ್ಕು ತುಂಡಾಗಿ ಹೊರಬಂತು. ಆ ನಾಲ್ಕು ಮೆಟ್ಟಿಲು ಹತ್ತಲು ಅವಳು ತೆಗೆದುಕೊಂಡ ಹೊತ್ತಿನಲ್ಲಿ ಇನ್ನೊಂದು ವಿಮಾನ ಕಟ್ಟಿ ಮುಗಿಸಬಹುದಿತ್ತು. ಸಾಹುಕಾರ ಕೆಳಗೇ ಉಳಿದ. ಸ್ಪ್ಯಾನರ್ ಮಾವ ಪೈಲಟ್ ಪಕ್ಕ ಹೋಗಿ ಕೂತ. ಉಣ್ಣೆ ತುಂಬಿದ ಬಾಗಿಲು ಮುಚ್ಚಿಕೊಂಡಿತು. ಕೋಣೆಯೊಳಗೆ ಇಬ್ಬರೇ ಹೆಂಗಸರು ಉಳಿದರು.

ಮೊದಲಿಗೆ ಅದು ಕೋಣೆಯೇ. ಬೆಳಗಿನ ಬಿಸಿಲು, ಮರದ ಕುರ್ಚಿ, ಪಟ್ಟೆಯ ಗೋಡೆ. ಮುದುಕಿ ಸುತ್ತ ನೋಡಿ, ಚೆನ್ನಾಗಿದೆ ಕಣೆ, ಕಾಫಿ ಕೇಳೋಣ ಅನ್ನಿಸುತ್ತೆ ಎಂದಳು. ಎಲ್ಲೋ ದೂರದಲ್ಲಿ ಯಾರೋ ಹಿಟ್ಟಿನ ಗಿರಣಿ ಶುರು ಮಾಡಿದಂಥ ಸದ್ದು. ಬೆನ್ನು ಕುರ್ಚಿಗೆ ಒತ್ತಿಕೊಂಡಿತು. ಆಗ ದಿಂಬಕ್ಕ ಪರದೆಯ ಕಡೆ ನೋಡಿದಳು.

ಅಷ್ಟೂ ಮಣಿಗಳು ಒಟ್ಟಿಗೆ ಹಿಂದಕ್ಕೆ ಸರಿದಿದ್ದವು. ಗಾಳಿಯಿಲ್ಲ, ಯಾರೂ ಮುಟ್ಟಿಲ್ಲ. ಎಳೆಗಳೆಲ್ಲ ಪಟ್ಟೆಗಳನ್ನು ಅಡ್ಡಡ್ಡ ದಾಟಿ ಬಾಲದ ಕಡೆಗೆ ವಾಲಿ ನಿಂತಿದ್ದವು, ಯಾರೋ ಹಿಂದಿನಿಂದ ಹಿಡಿದು ಎಳೆಯುತ್ತಿರುವಂತೆ. ಮೇಲೇರುತ್ತಿದೆ, ಏರುವಾಗ ಹಾಗಾಗುತ್ತದೆ, ಸಮಕ್ಕೆ ಬಂದಾಗ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕುರ್ಚಿಯ ಕೈಯನ್ನು ಹಿಡಿದ ಹಿಡಿತಕ್ಕೆ ಹೊಸ ಪಾಲಿಶ್ ಅವಳ ಉಗುರಿಗೆ ಬಂತು.

ಬಹಳ ಹೊತ್ತಾದ ಮೇಲೆ ಸ್ಪೀಕರಿನಲ್ಲಿ ಪೈಲಟ್ ಮಾತಾಡಿದ. ಏರುವುದು ಮುಗಿಯಿತು, ಈಗ ಸಮವಾಗಿ ಹೋಗುತ್ತಿದ್ದೇವೆ, ಆರಾಮಾಗಿರಿ ಎಂದ. ದಿಂಬಕ್ಕ ಪರದೆಯನ್ನೇ ನೋಡಿದಳು. ಎಳೆಗಳು ಹಿಂದಿರುಗಿದವು, ಆದರೆ ಪೂರ್ತಿ ಅಲ್ಲ. ಪಟ್ಟೆಗೆ ಬಂದು ಸೇರಲು ಎರಡು ಬೆರಳು ಬಾಕಿಯಿರುವಂತೆ ಅಲ್ಲೇ ನಿಂತುಬಿಟ್ಟವು.

ಮುದುಕಿಯೂ ಅದನ್ನೇ ನೋಡುತ್ತಿದ್ದಳು.

"ಗೋಡೆ ವಾಲಿದೆ ಕಣೆ."

"ಗೋಡೆ ವಾಲಿಲ್ಲ ಅಮ್ಮ. ನಾನೇ ಗುಂಡು ಬಿಟ್ಟು ನೋಡಿದೀನಿ."

"ಹಾಗಾದ್ರೆ ವಾಲಿರೋದು ಏನು?"

ಅದಕ್ಕೆ ಉತ್ತರ ಒಂದೇ ಇತ್ತು. ಪೈಲಟ್ ಸುಳ್ಳು ಹೇಳುತ್ತಿದ್ದಾನೆ. ಬಾಲ ಕುಸಿಯುತ್ತಿದೆ. ಕೇಳೋಣವೆಂದರೆ ಕೂಗು ಆಚೆ ಹೋಗದಂತೆ ಆ ಬಾಗಿಲಿಗೆ ಉಣ್ಣೆ ತುಂಬಿದವಳು ಅವಳೇ. ಎದ್ದು ಹೋಗೋಣವೆಂದರೆ ಕಾಲು ಅವಳದಲ್ಲ. ಕರೆಗಂಟೆಯ ಗುಂಡಿ ಅಂದ ಕೆಡಿಸುತ್ತದೆಂದು ಅದನ್ನು ಪರದೆಯ ಹಿಂದೆ ಅಡಗಿಸಿದವಳೂ ಅವಳೇ. ಈಗ ಆ ಪರದೆಯನ್ನು ಮುಟ್ಟುವುದೆಂದರೆ ಹಾವನ್ನು ಮುಟ್ಟಿದಂತೆ. ಬೆಳಗಿನ ಬಿಸಿಲಿನಂಥ ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಹೊರಗೆ ರೆಕ್ಕೆ ಇದೆಯೋ ಮುರಿದಿದೆಯೋ, ಕೆಳಗೆ ನೆಲ ಎಷ್ಟು ಹತ್ತಿರ ಬಂದಿದೆಯೋ, ಒಂದೂ ತಿಳಿಯದು. ಯಾವ ಭಯವೂ ಒಳಗೆ ಬರಬಾರದೆಂದು ಅವಳು ಮುಚ್ಚಿದ ಕೋಣೆಯಲ್ಲಿ ಭಯಕ್ಕೆ ಹೊರಗೆ ಹೋಗಲೂ ದಾರಿಯಿರಲಿಲ್ಲ.

"ತೆಗಿಯೇ ಅದನ್ನ," ಎಂದಳು ಮುದುಕಿ. ಅವಳ ಊರುಗೋಲು ಮುಚ್ಚಿದ ಕಿಟಕಿಯ ಕಡೆ ತೋರಿಸುತ್ತಿತ್ತು. "ಸಾಯೋದಾದ್ರೆ ನೋಡ್ಕೊಂಡು ಸಾಯೋಣ."

ದಿಂಬಕ್ಕನ ಚೀಲದಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಇತ್ತು. ಕೂತಲ್ಲಿಂದಲೇ ಕೈ ಚಾಚಿದರೆ ಹಲಗೆ ಸಿಗುತ್ತಿತ್ತು. ಒಂದು ಹೊಲಿಗೆ ಕತ್ತರಿಸಿದಳು. ಇನ್ನೊಂದು. ತನ್ನ ಹೊಲಿಗೆ ಗಟ್ಟಿಯೆಂದು ಅವಳಿಗೆ ಜಂಬವಿತ್ತು. ಆ ದಿನ ಅದನ್ನು ಶಪಿಸಿದಷ್ಟು ಇನ್ನಾವುದನ್ನೂ ಶಪಿಸಲಿಲ್ಲ. ಕೈ ಬೆವರಿ ಕತ್ತರಿ ಜಾರಿತು, ಬೆರಳಿಗೆ ತಾಗಿತು. ಬಟ್ಟೆ ಹರಿಯಿತು, ಉಣ್ಣೆ ಉಕ್ಕಿ ಮಡಿಲಿಗೆ ಬಿತ್ತು, ಮುದುಕಿಯ ತಲೆಯ ಮೇಲೆ ಬಿತ್ತು. ಕೊನೆಗೆ ಹಲಗೆಯ ಒಂದು ಮೂಲೆ ಸಡಿಲವಾಯಿತು. ಮುದುಕಿ ಊರುಗೋಲನ್ನು ಸಂದಿಯೊಳಗೆ ತೂರಿಸಿ ಮೀಟಿದಳು. ಹಲಗೆ ಕಿತ್ತು ಬಂತು.

ನಿಜವಾದ ಬೆಳಕು ಒಳಗೆ ನುಗ್ಗಿ, ದಿಂಬಕ್ಕನ ಬೆಳಗಿನ ಬಿಸಿಲು ಸಪ್ಪೆಯಾಗಿ ಹೋಯಿತು.

ರೆಕ್ಕೆ ಇತ್ತು. ಅಲ್ಲಾಡದೆ, ಮುರಿಯದೆ, ಮೇಜಿನಂತೆ ಚಾಚಿಕೊಂಡಿತ್ತು. ಅದರಾಚೆ, ಕೆಳಗೆ, ಎಷ್ಟೋ ಕೆಳಗೆ, ದಾರದಷ್ಟು ದಪ್ಪದ ರಸ್ತೆ, ಗುಂಡಿಯಷ್ಟು ದೊಡ್ಡ ಕೆರೆ. ಅವಳು ಹುಟ್ಟಿದಂದಿನಿಂದ ಹೆದರಿದ್ದೆಲ್ಲ ಒಂದೇ ಕಡೆ ಕೂಡಿ ಅಲ್ಲಿ ಬಿದ್ದುಕೊಂಡಿತ್ತು. ಆದರೂ ಕಣ್ಣು ಮುಚ್ಚಲಾಗಲಿಲ್ಲ. ಈ ಭಯಕ್ಕೆ ಒಂದು ಅಂಚಿತ್ತು. ಅಲ್ಲಿಂದ ಇಲ್ಲಿಯ ತನಕ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಪರದೆಯನ್ನು ನೋಡುತ್ತ ಕೂತಾಗಿನ ಭಯಕ್ಕೆ ಅಂಚೇ ಇರಲಿಲ್ಲ.

"ನಾವು ಬೀಳ್ತಾ ಇಲ್ಲ," ಎಂದಳು ಮುದುಕಿ.

"ಇನ್ನೂ ಇಲ್ಲ," ಎಂದಳು ದಿಂಬಕ್ಕ.

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕೆನ್ನೆಗೆ ಕೆನ್ನೆ ತಾಗುವಂತೆ ಆ ಒಂದೇ ಕಿಟಕಿಯಲ್ಲಿ ಇಣುಕುತ್ತಿದ್ದಾಗ ಸ್ಪ್ಯಾನರ್ ಮಾವ ಬಾಗಿಲು ತೆರೆದು ಬಂದ. ಕೋಣೆಯ ತುಂಬ ಉಣ್ಣೆ, ದಿಂಬಕ್ಕನ ಕೈಯಲ್ಲಿ ಕತ್ತರಿ, ಬೆರಳಲ್ಲಿ ರಕ್ತ. ಅವನ ಮುಖ ಬಿಳಿಚಿಕೊಂಡಿತು. ಅವಳು ಪರದೆಯ ಕಡೆ ಬೆರಳು ಮಾಡಿದಳು. ಅವನು ನೋಡಿದ, ಉಸಿರು ಬಿಟ್ಟ.

"ಸಮ ಹಾರುವಾಗಲೂ ಮೂಗು ಚೂರು ಮೇಲಕ್ಕೇ ಇರುತ್ತಲ್ಲ ದಿಂಬಕ್ಕ. ಎಲ್ಲ ವಿಮಾನವೂ ಹಾಗೇ. ಬೇಕು ಅಂತಲೇ ಪಟ್ಟೆ ಹಾಗೆ ಹಾಕಿದೀಯ ಅಂದ್ಕೊಂಡೆ. ನಿನಗೆ ಗೊತ್ತಿರೋ ವಿಷಯಾನೇ..."

ಅವನು ಅವಳ ಮುಖ ನೋಡಿದ, ಕತ್ತರಿ ನೋಡಿದ, ಮತ್ತೆ ಮುಖ ನೋಡಿದ. ಅತ್ತೆಯ ಅಷ್ಟೂ ಜ್ವರಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದಂತಿತ್ತು.

"ಮತ್ತೆ ಆ ಚಹಾ?"

"ಅದು ನಮ್ಮನೆಯವರದ್ದು," ಎಂದಳು ದಿಂಬಕ್ಕ ನೆಲ ನೋಡುತ್ತ.

ಅವನು ಬೈಯಲಿಲ್ಲ, ನಗಲೂ ಇಲ್ಲ. ನೆಲದ ಮೇಲೆ ಕೂತು ಅವಳ ಬೆರಳಿಗೆ ತನ್ನ ಕರವಸ್ತ್ರ ಸುತ್ತಿದ. ಇಳಿಯುವ ತನಕ ಅಲ್ಲೇ ಕೂತು, ಪ್ರತಿ ಸದ್ದೂ ಏನೆಂದು ಹೇಳುತ್ತ ಹೋದ. ಇದು ಚಕ್ರ ಇಳಿದದ್ದು, ಇದು ರೆಕ್ಕೆಯ ತುಂಡು ಚಾಚಿದ್ದು. ಹೇಳಿದ್ದೆಲ್ಲ ಕೇಳಿಯೂ ಅವಳು ಪ್ರತಿ ಸದ್ದಿಗೂ ಹಾರಿಬಿದ್ದಳು.

ಕೆಳಗಿಳಿದ ಹಿರಿಯಮ್ಮ, ಕೂದಲ ತುಂಬ ಉಣ್ಣೆಯೊಂದಿಗೆ, ಮಗನ ಮುಂದೆ ನಿಂತು ತಂಗಿಯ ಊರಿಗೆ ಹೊರಡುತ್ತೇನೆ ಎಂದಳು. ಸಾಹುಕಾರನ ಮುಖ ಬಿರುಕು ಬಿಟ್ಟಿತು. ನಕ್ಕದ್ದೋ ಅತ್ತದ್ದೋ ಯಾರಿಗೂ ತಿಳಿಯಲಿಲ್ಲ. ಆ ಒಂದು ಕಿಟಕಿ ತೆರೆದೇ ಇರಬೇಕು, ಆ ಪರದೆ ಕಿತ್ತು ಬಿಸಾಕಬೇಕು, ಮತ್ತೆ ಈ ಹುಡುಗಿ ಪಕ್ಕದಲ್ಲಿರಬೇಕು ಎಂದಳು. ನಲವತ್ತು ದಾಟಿದ ಹುಡುಗಿ ಅದನ್ನು ಕೇಳಿ ಮೆಟ್ಟಿಲ ಮೇಲೆಯೇ ಕುಸಿದು ಕೂತಳು.

ಅಂದಿನಿಂದ ಆ ಶೆಡ್ಡಿನಲ್ಲಿ ರಟ್ಟಿನ ಮಾದರಿಗಳ ಮುಂಭಾಗದ ಕೆಳಗೆ ಒಂದು ಮರದ ತುಂಡು ಇರುತ್ತದೆ, ಮೂಗು ಚೂರು ಮೇಲಕ್ಕಿರಲೆಂದು. ಅದನ್ನು ಇಡುವವಳು ದಿಂಬಕ್ಕ. ಯಾಕೆಂದು ಕೇಳಿದವರಿಗೆ ಈಗ ನಿಜವನ್ನೇ ಹೇಳುತ್ತಾಳೆ. ನಿಜವನ್ನು ಯಾರೂ ನಂಬುವುದಿಲ್ಲ, ಚಹಾದ ಕಥೆಯನ್ನೇ ಇನ್ನೊಮ್ಮೆ ಹೇಳಿ ಎನ್ನುತ್ತಾರೆ.

ತಂಗಿಯ ಊರಿಗೆ ಹೊರಟ ದಿನ ಸಮುದ್ರ ದಾಟುವ ಉದ್ದಕ್ಕೂ ದಿಂಬಕ್ಕ ಹಿರಿಯಮ್ಮನ ಕೈ ಬಿಡಲಿಲ್ಲ, ಕಣ್ಣು ಕಿಟಕಿ ಬಿಡಲಿಲ್ಲ. ಭಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆ ಊರು ಮುಟ್ಟಿ ಕಾರಿನಿಂದಿಳಿದು ನೋಡಿದರೆ, ತಂಗಿಯ ಮನೆ ಒಂಬತ್ತನೇ ಮಹಡಿ. ದಿಂಬಕ್ಕ ಲಿಫ್ಟಿನ ಬಾಗಿಲ ತನಕ ಹೋದಳು, ಅದರ ನೆಲಕ್ಕೂ ಕಟ್ಟಡದ ನೆಲಕ್ಕೂ ನಡುವಿನ ಕಪ್ಪು ಸಂದಿಯನ್ನು ನೋಡಿದಳು, ಹಿಂದೆ ಸರಿದಳು. ಮೋಡಕ್ಕಿಂತ ಮೇಲೆ ಬಂದವಳಿಗೆ ಇದೇನು ಮಹಾ ಎಂದು ಮುದುಕಿ ಗದರಿದಳು. ಆಗಲಿಲ್ಲ. ಹಿರಿಯಮ್ಮ ಊರುಗೋಲಿನ ಜೊತೆ ಒಬ್ಬಳೇ ಮೇಲೆ ಹೋದಳು.

ದಿಂಬಕ್ಕ ಗೇಟಿನ ಬಳಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಯಾರೋ ಕೂಗಿದಂತಾಯಿತು. ಗೇಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ತಲೆ ಎತ್ತಿದಳು. ಒಂಬತ್ತನೇ ಮಹಡಿಯ ಬಾಲ್ಕನಿಯ ಕಂಬಿಗಳ ನಡುವೆ ಎರಡು ಬಿಳಿ ತಲೆಗಳು ಒಂದಕ್ಕೊಂದು ಅಂಟಿಕೊಂಡು ಕೆಳಗೆ ಇಣುಕುತ್ತಿದ್ದವು. ಎಲ್ಲಿ ಬಿದ್ದುಬಿಡುತ್ತವೋ ಎಂದು ಅವಳ ಪ್ರಾಣವೇ ಹಾರಿಹೋಯಿತು. ಇನ್ನೊಂದು ಕೈಯಿಂದ ಒಳಕ್ಕೆ ಹೋಗಿ, ಒಳಕ್ಕೆ ಹೋಗಿ ಎಂದು ಸನ್ನೆ ಮಾಡಿದಳು. ಅವರು ಅದನ್ನು ತಪ್ಪು ತಿಳಿದು, ಇಬ್ಬರೂ ಕೈ ಬೀಸಿದರು.